ನಂದಿಬಟ್ಟಲಿಗೆ ಬಂದ ಹುಳು

ರಂಗಪ್ಪನವರು ಲಕ್ಕವಳ್ಳಿ ಡ್ಯಾಮಿನ ಹೂದೋಟದಲ್ಲಿ ಮೂವತ್ತೊಂದು ವರ್ಷ ಮಾಲಿಯಾಗಿದ್ದವರು. ಹೆಂಡತಿ ಕರಿಯಮ್ಮನೂ ಅಲ್ಲೇ ಕೂಲಿಗೆ ಬರುತ್ತಿದ್ದರು. ನಿವೃತ್ತಿಯ ಮೇಲೆ ಇಬ್ಬರೂ ಕಡೂರಿಗೆ, ಮಗ ಹೊನ್ನೇಶನ ಮನೆಗೆ ಬಂದರು. ಬರುವಾಗ ಕರಿಯಮ್ಮ ಅಲ್ಲಿನ ನಂದಿಬಟ್ಟಲಿನ ಒಂದು ಕಡ್ಡಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದು ಗೇಟಿನ ಪಕ್ಕ ನೆಟ್ಟರು. ಗಿಡ ಆಳೆತ್ತರವಾಯಿತು. ಕರಿಯಮ್ಮ ತೀರಿಕೊಂಡು ಈಗ ನಾಲ್ಕು ವರ್ಷ. ಸಕ್ಕರೆ ಕಾಯಿಲೆಯಿಂದ ರಂಗಪ್ಪನವರ ಕಣ್ಣೂ ಮಂಜಾಗಿದೆ.

ಈ ಮುಂಗಾರಿನಲ್ಲಿ ಒಂದು ಬೆಳಿಗ್ಗೆ ಹೂ ಬಿಡಿಸಲು ಹೋದ ಮೊಮ್ಮಗಳು ನಿಶ್ಚಿತಾ ಕೂಗಿಕೊಂಡಳು.

"ತಾತಾ, ಅರ್ಧ ಗಿಡ ಬೋಳಾಗ್ಬಿಟ್ಟಿದೆ!"

ಹೊನ್ನೇಶ ಅಂಗಡಿಯಿಂದ ಔಷಧಿ ತಂದ.

"ದೇವ್ರಿಗಿಡೋ ಹೂವಿಗೆ ವಿಷ ಹೊಡೀತಾರೇನೋ? ನಂಗೊಂದಿನ ಬಿಡು," ಎಂದರು ರಂಗಪ್ಪ.

"ನಿಂಗೆ ಕಾಣಲ್ವಲ್ಲಪ್ಪ!"

"ಕಿವಿ ಕೇಳ್ತದಲ್ಲ."

ಗಿಡದ ಬುಡಕ್ಕೆ ಹಳೆಯ ಪೇಪರು ಹಾಸಿ, ಸ್ಟೂಲ್ ಹಾಕಿಕೊಂಡು ಕಿವಿಗೊಟ್ಟು ಕುಳಿತರು. ಸ್ವಲ್ಪ ಹೊತ್ತಿಗೆ ಪಟ್ ಎಂದಿತು. ಹುಳುವಿನ ಹಿಕ್ಕೆ. ಅದು ಬಿದ್ದ ಜಾಗದ ನೇರಕ್ಕೆ ಕೈ ಚಾಚಿ, ಎಲೆಯಡಿ ತಡವಿ, ಬೆರಳುಗಾತ್ರದ ಹಸಿರು ಹುಳುವನ್ನು ಹಿಡಿದು ಡಬ್ಬಿಗೆ ಹಾಕಿದರು. ನಿಶ್ಚಿತಾ ಬಗ್ಗಿ ನೋಡಿದಳು. ಹುಳು ತಲೆ ಒಳಗೆಳೆದುಕೊಂಡು, ಬೆನ್ನ ಮೇಲಿನ ಎರಡು ನೀಲಿ ಚುಕ್ಕೆ ಉಬ್ಬಿಸಿತು.

"ಅಯ್ಯೋ, ಕಣ್ ಬಿಡ್ತಿದೆ ತಾತ!"

ರಂಗಪ್ಪ ನಕ್ಕುಬಿಟ್ಟರು. "ನಿಮ್ಮಜ್ಜಿನೂ ಹಿಂಗೇ ಕಣೇ. ಡ್ಯಾಮಿನ ತೋಟ್ದಲ್ಲಿ ನಾನು ಗಿಡದ ಸಾಲಿನ ಈ ಕಡೆ, ಅವಳು ಆ ಕಡೆ. 'ರೀ, ಬನ್ರೀ ಇಲ್ಲಿ' ಅಂತ ಕೂಗೋಳು. ಹೆದ್ರಿಕೆ ಅಷ್ಟಿದ್ರೂ ಒಂದನ್ನೂ ಸಾಯ್ಸೋಕೆ ಬಿಡ್ತಿರ್ಲಿಲ್ಲ. ಚಾನಲ್ ಏರಿ ಮೇಲೆ ಕಣಗಿಲೆ ಇತ್ತು. ಅದನ್ನೂ ತಿಂತವೆ ಇವು. ಸಂಜೆ ಡಬ್ಬಿ ಹೊತ್ಕೊಂಡು ಇಬ್ರೂ ಅಲ್ಲಿಗಂಟ ನಡ್ಕೊಂಡು ಹೋಗ್ತಿದ್ವಿ. ದಾರಿ ಉದ್ದುಕ್ಕೂ ಮಾತಾಡೋಳು. ಏನ್ ಮಾತಾಡಿದ್ಳು ಅಂತ ಒಂದೂ ನೆನಪಿಲ್ಲ ನೋಡು."

ಮಧ್ಯಾಹ್ನದ ಹೊತ್ತಿಗೆ ಹದಿನಾಲ್ಕು ಸಿಕ್ಕವು. ಸಂಜೆ ನಿಶ್ಚಿತಾ ತಾತನ ಕೈ ಹಿಡಿದು ರೈಲ್ವೆ ಗೇಟಿನಾಚೆಯ ಕಣಗಿಲೆ ಪೊದೆಗೆ ಕರೆದೊಯ್ದಳು. ಡಬ್ಬಿ ಬೋರಲು ಹಾಕಿದ ಮೇಲೂ ರಂಗಪ್ಪ ಅಲ್ಲೇ ನಿಂತಿದ್ದರು. ಅವಳು ಅವಸರ ಮಾಡಲಿಲ್ಲ.

ಮೂರು ವಾರದಲ್ಲಿ ಬೋಳು ಕೊಂಬೆಗಳೆಲ್ಲ ಚಿಗುರಿದವು. ಹೊನ್ನೇಶ ಔಷಧಿಯನ್ನು ಅಂಗಡಿಗೇ ವಾಪಸ್ ಕೊಟ್ಟು ಬಂದ. ಸುದ್ದಿ ತಿಳಿದ ಎದುರುಮನೆಯ ಕಾಮಾಕ್ಷಮ್ಮ, "ನಮ್ಮ ದಾಸವಾಳಾನೂ ಒಂಚೂರು ನೋಡ್ಕೊಡಿ ರಂಗಪ್ಪನೋರೆ," ಎಂದು ಬಾಗಿಲಿಗೆ ಬಂದರು. ರಂಗಪ್ಪ ಆಗಲೇ ಎದ್ದು ಚಪ್ಪಲಿ ಹುಡುಕುತ್ತಿದ್ದರು.