ಬ್ರೇಕ್ ಪಳಗಿಸಿದ ತಪ್ಪಿಗೆ

ನನ್ನ ಕಾರಿನ ಕೀಲಿಯನ್ನು ನನ್ನ ಮನೆಯವರೇ ನನ್ನ ಕೈಯಿಂದ ತೆಗೆದುಕೊಂಡರು. ನನಗೆ ವಯಸ್ಸಾಯಿತು, ಕಾಲು ಹೇಳಿದಂತೆ ಕೇಳುವುದಿಲ್ಲ, ಹೊಸ ಬ್ರೇಕನ್ನು ಹಾಕಿಸಿದ ದಿನವೇ ಸುಟ್ಟುಹಾಕಿದೆ ಎಂದು ಆಮೇಲೆ ಕಾರಣ ಕೊಟ್ಟರು. ವಯಸ್ಸಿನ ಮಾತೊಂದು ನಿಜ. ಉಳಿದೆರಡೂ ಸುಳ್ಳು. ಸುಳ್ಳೆಂದು ಗೊತ್ತಿದ್ದವರು ಪಕ್ಕದಲ್ಲೇ ನಿಂತು ಬಾಯಿ ಮುಚ್ಚಿಕೊಂಡಿದ್ದರು ಎಂಬುದು ಸುಳ್ಳಿಗಿಂತ ದೊಡ್ಡ ದೂರು.

ನಮ್ಮ ತೋಟ ಜಾವಳಿಯ ಹತ್ತಿರ. ನಾನು ಗಾಡಿ ಓಡಿಸಲು ಕಲಿತದ್ದು ಕಾಫಿ ಒಣಗಿಸುವ ಕಣದಲ್ಲಿ. ಕೊಯ್ಲು ಮುಗಿದು ಕಣ ಖಾಲಿಯಾದಾಗ ನನ್ನ ಯಜಮಾನರು ಅಲ್ಲಲ್ಲಿ ಬೆತ್ತದ ಬುಟ್ಟಿಗಳನ್ನು ಬೋರಲು ಹಾಕಿ, ಒಂದನ್ನೂ ತಾಗಿಸದೆ ಜೀಪನ್ನು ಸುತ್ತಿಸಬೇಕೆಂದು ಹೇಳಿ ಕೆಳಗಿಳಿದುಬಿಡುತ್ತಿದ್ದರು. ಇಂಜಿನ್ ನಿಂತಾಗಲೆಲ್ಲ ಕಣದ ಅಂಚಿನಲ್ಲಿ ಕುಳಿತ ನನ್ನ ಮೈದುನ ಚಪ್ಪಾಳೆ ತಟ್ಟುತ್ತಿದ್ದ. ಅದನ್ನೂ ನಾನು ಮರೆತಿಲ್ಲ. ಆ ಬೇಸಿಗೆ ಮುಗಿಯುವ ಹೊತ್ತಿಗೆ ಬುಟ್ಟಿಗಳೂ ಉಳಿದಿದ್ದವು, ಅವನ ಚಪ್ಪಾಳೆಯೂ ನಿಂತಿತ್ತು.

ಯಜಮಾನರು ತೀರಿಕೊಂಡ ಮೇಲೆ ಜೀಪು ಹೋಗಿ ಒಂದು ಸಣ್ಣ ಬಿಳಿ ಕಾರು ಬಂತು. ಅದು ನನ್ನ ಹೆಸರಿನಲ್ಲೇ ಇತ್ತು. ಮೂಡಿಗೆರೆಯ ಸಂತೆಗೆ, ಚಿಕ್ಕಮಗಳೂರಿನ ಡಾಕ್ಟರ ಬಳಿಗೆ, ತವರಿನ ಕಡೆಯ ಮದುವೆ ಮುಂಜಿಗಳಿಗೆ ಯಾರ ಬಿಡುವಿಗೂ ಕಾಯದೆ ನಾನೇ ಹೋಗಿಬರುತ್ತಿದ್ದೆ. ಯಾರನ್ನೂ ಕೇಳದೆ ಮನೆಯಿಂದ ಹೊರಡುವುದು ಎಂದರೇನೆಂದು, ಹುಟ್ಟಿದಾಗಿನಿಂದ ಹಾಗೆಯೇ ಹೊರಡುತ್ತ ಬಂದವರಿಗೆ ತಿಳಿಯುವುದಿಲ್ಲ. ಕೀಲಿ ಎಂದು ನಾನು ಬರೆಯುವಾಗ ಬೆರಳುದ್ದದ ಲೋಹದ ತುಂಡಿಗಾಗಿ ಇಷ್ಟೊಂದು ಸಿಟ್ಟೇ ಎಂದು ಓದುವವರು ನಗಬಾರದು.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಆ ವರ್ಷದ ಮಳೆಗಾಲ ಕಳೆದ ಮೇಲೆ, ಬ್ರೇಕ್ ಒತ್ತಿದಾಗಲೆಲ್ಲ ಮುಂದಿನ ಚಕ್ರಗಳಿಂದ ಕರಕರ ಸದ್ದು ಬರತೊಡಗಿತು. ರಸ್ತೆಯ ಕೆಸರು, ಮರಳು ಒಳಹೊಕ್ಕು ಎಲ್ಲವನ್ನೂ ತಿಂದುಹಾಕಿದ್ದವು. ನಾನು ಕಾರನ್ನು ಚಿಕ್ಕಮಗಳೂರಿನ ಒಂದು ಗ್ಯಾರೇಜಿಗೆ ಒಯ್ದೆ. ಜೊತೆಗೆ ನಮ್ಮ ತೋಟದ ರೈಟರು ಬಂದಿದ್ದರು. ಆಳುಗಳ ಹಾಜರಿ, ಗೊಬ್ಬರದ ಲೆಕ್ಕ ನೋಡಿಕೊಳ್ಳುವವರು. ಪೇಟೆಯಲ್ಲಿ ಅವರಿಗೇನೋ ಕೆಲಸವಿತ್ತು. ಸಂಜೆಯೊಳಗೆ ಮೆಕ್ಯಾನಿಕ್ಕು ಚಕ್ರದ ಜೊತೆ ತಿರುಗುವ ಬೀಡು ಕಬ್ಬಿಣದ ಡಿಸ್ಕುಗಳನ್ನೂ, ಅವನ್ನು ಎರಡು ಬದಿಯಿಂದ ಅಮುಕಿ ಹಿಡಿಯುವ ಪ್ಯಾಡುಗಳನ್ನೂ ಹೊಸದಾಗಿ ಹಾಕಿ ಮುಗಿಸಿದ. ಕೈ ಒರೆಸಿಕೊಳ್ಳುತ್ತ ಬಂದವನು, ಸ್ಟಿಯರಿಂಗಿನ ಮುಂದೆ ಕುಳಿತ ನನ್ನನ್ನು ದಾಟಿ, ಆಚೆ ಬದಿಯ ಕಿಟಕಿಗೆ ಬಗ್ಗಿದ.

"ರೈಟ್ರೇ, ಪ್ಯಾಡೂ ಹೊಸದು, ಡಿಸ್ಕೂ ಹೊಸದು. ಎರಡೂ ಒಂದಕ್ಕೊಂದು ಕೂರ್ಬೇಕು. ಖಾಲಿ ರಸ್ತೆ ನೋಡ್ಕೊಂಡು ಸ್ವಲ್ಪ ಸ್ಪೀಡ್ ಹಿಡೀರಿ, ಹದವಾಗಿ ಬ್ರೇಕ್ ಒತ್ತಿ ಇಳಿಸಿ. ಪೂರ್ತಿ ನಿಲ್ಲಿಸ್ಬೇಡಿ, ಮತ್ತೆ ಸ್ಪೀಡ್ ಹಿಡೀರಿ. ಹಂಗೇ ಒಂದಷ್ಟು ಸಲ ಮಾಡಿ, ಆಮೇಲೆ ಬ್ರೇಕ್ ಮುಟ್ದೇ ನಿಧಾನಕ್ಕೆ ಓಡ್ಸಿ ಆರಿಸ್ಬೇಕು. ಒಂದ್ ವಾರ ಲೋಡ್ ಬೇಡ, ಘಾಟಿನೂ ಬೇಡ."

"ಗಾಡಿ ಓಡ್ಸೋದು ನಾನು," ಎಂದೆ.

"ಹೌದಾ ಅಮ್ಮ? ಒಳ್ಳೇದಾಯ್ತು," ಎಂದು ನಕ್ಕು, ಮತ್ತೆ ಆಚೆಗೆ ತಿರುಗಿದ. "ಡಿಸ್ಕ್ ಕಾದಿರೋವಾಗ ಬ್ರೇಕ್ ಒತ್ತಿ ಹಿಡ್ಕೊಂಡು ಗಾಡಿ ನಿಲ್ಲಿಸ್ಕೊಬೇಡಿ ರೈಟ್ರೇ, ಅದೊಂದು ನೆನಪಿಟ್ಕಳಿ."

ನಮ್ಮ ರೈಟರು ಜೀವಮಾನದಲ್ಲಿ ಸೈಕಲ್ ಬಿಟ್ಟು ಬೇರೇನನ್ನೂ ಓಡಿಸಿದವರಲ್ಲ. ಆದರೂ ಬಹಳ ಗಂಭೀರವಾಗಿ ತಲೆಯಾಡಿಸಿದರು.

ನನಗೆ ಆ ಮಾತು ಅರ್ಥವಾಗಲು ಯಾರ ತಲೆಯಾಟವೂ ಬೇಕಿರಲಿಲ್ಲ. ಹೊಸ ಬೀಡಿನ ಕಾವಲಿಯನ್ನು ಅಂಗಡಿಯಿಂದ ತಂದ ದಿನವೇ ದೋಸೆಗೆ ಇಟ್ಟವರುಂಟೇ? ಎಣ್ಣೆ ಸವರಬೇಕು, ಹದವಾಗಿ ಕಾಯಿಸಬೇಕು, ಈರುಳ್ಳಿ ಹೋಳಿನಲ್ಲಿ ಉಜ್ಜಬೇಕು, ಆರಲು ಬಿಡಬೇಕು, ಮತ್ತೆ ಕಾಯಿಸಬೇಕು. ಮೈಮೇಲೆ ತೆಳ್ಳನೆಯ ಒಂದು ಪದರ ಸಮನಾಗಿ ಕೂರುವವರೆಗೂ ಕಾವಲಿಯನ್ನು ಪಳಗಿಸಬೇಕು. ಅವಸರ ಮಾಡಿದರೆ ಮೊದಲ ದೋಸೆ ಕಚ್ಚಿಕೊಂಡು ಸೀದುಹೋಗುತ್ತದೆ; ಆ ಕಲೆ ಆಮೇಲೆ ಎಷ್ಟು ಉಜ್ಜಿದರೂ ಬಿಡುವುದಿಲ್ಲ. ಡಿಸ್ಕೂ ಬೀಡು ಕಬ್ಬಿಣವೇ. ಪ್ಯಾಡಿನ ಪದರ ಅದರ ಮೇಲೆ ಸಮನಾಗಿ ಕೂರಬೇಕು, ಅಷ್ಟೇ.

ಮನೆಗೆ ಹಿಂತಿರುಗುವ ದಾರಿಯಲ್ಲಿ ವಸ್ತಾರೆ ದಾಟಿದ ಮೇಲೆ ರಸ್ತೆ ಸ್ವಲ್ಪ ದೂರ ನೇರವಾಗಿದೆ. ಹಿಂದೆ ಮುಂದೆ ಯಾರೂ ಇಲ್ಲವೆಂದು ನೋಡಿಕೊಂಡು ಕೆಲಸ ಶುರುಮಾಡಿದೆ. ವೇಗ ಹಿಡಿದೆ, ಹದವಾಗಿ ಒತ್ತಿ ಇಳಿಸಿದೆ, ನಿಲ್ಲುವ ಮುನ್ನ ಕಾಲು ತೆಗೆದೆ, ಮತ್ತೆ ವೇಗ ಹಿಡಿದೆ. ರೈಟರು ಎದುರಿನ ಡ್ಯಾಶ್‌ಬೋರ್ಡ್ ಹಲಗೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ಅಮ್ಮಾ, ಇದೇನ್ ಕುದುರೆ ಸವಾರಿ ಆಯ್ತಲ್ಲ," ಎಂದರು. "ಗ್ಯಾರೇಜಿನವ್ನು ನಿಮ್ಗೇ ಅಲ್ವಾ ಹೇಳಿದ್ದು ರೈಟ್ರೇ? ಕೂತ್ಕಳಿ," ಎಂದೆ.

ಮೊದಮೊದಲು ಜಾರುತ್ತಿದ್ದ ಬ್ರೇಕು ಬರಬರುತ್ತ ಹಿಡಿತಕ್ಕೆ ಬಂತು. ಸುಟ್ಟ ರಬ್ಬರಿನಂಥ ಸಣ್ಣ ವಾಸನೆಯೂ ಬಂತು. ಹೊಸ ಪ್ಯಾಡಿಗೆ ಅದು ಸಹಜ. ಅಷ್ಟರಲ್ಲಿ ಕುದುರೆಮುಖಕ್ಕೆ ಹೋಗುವ ಬಸ್ಸು ಹಿಂದಿನಿಂದ ಬಂದು ಹಾರ್ನ್ ಹೊಡೆಯಿತು. ನಾನು ಬದಿಗೆ ಸರಿದು ದಾರಿ ಬಿಟ್ಟೆ. ದಾಟಿ ಹೋಗುವಾಗ ಡ್ರೈವರು ಕಿಟಕಿಯಿಂದ ತಲೆ ಹಾಕಿ, "ಏನಮ್ಮಾ, ಕಾಲು ಬ್ರೇಕ್ ಮೇಲೆ ಇಟ್ಕೊಂಡೇ ಹುಟ್ಟಿದ್ರಾ?" ಎಂದು ಕೂಗಿದ. ಬಸ್ಸಿನ ತುಂಬ ನಗು. ಅದನ್ನೂ ನಾನು ಮರೆತಿಲ್ಲ.

ಆಮೇಲೆ ಬ್ರೇಕ್ ಮುಟ್ಟದೆ ಆರಿಸುತ್ತ ನಿಧಾನವಾಗಿ ಮನೆಯ ಕಡೆ ಹೊರಟೆ. ಅನ್ಯಾಯ ನಡೆದದ್ದು ಈ ನಿಧಾನದಲ್ಲೇ. ನಮ್ಮ ಕಡೆ ಯಾವ ಗಾಡಿ ಯಾವ ತೋಟದ್ದೆಂದು ಎಲ್ಲರಿಗೂ ಗೊತ್ತು. ಗಾಡಿಗಿಂತ ಮೊದಲು ಅದರ ಸುದ್ದಿ ಮನೆ ತಲುಪುತ್ತದೆ. ನಾನು ಡಿಸ್ಕುಗಳನ್ನು ಆರಿಸಿಕೊಂಡು ಬರುವಷ್ಟರಲ್ಲಿ ಬಸ್ಸು ಜಾವಳಿ ದಾಟಿ ಹೋಗಿತ್ತು, ಸುದ್ದಿ ಇಳಿಸಿಯೇ ಹೋಗಿತ್ತು. ಅಂಗಳದಲ್ಲಿ ಮೈದುನನೂ ಅವನ ಮಗನೂ ಕಾಯುತ್ತಿದ್ದರು.

"ಕೀ ಕೊಡಿ ಅತ್ತಿಗೆ," ಎಂದ ಮೈದುನ.

"ಎಂತಕ್ಕೆ?"

"ವಸ್ತಾರೆ ಹತ್ರ ಗಾಡಿ ನಿಮ್ಮ ಕೈ ತಪ್ತಿತ್ತಂತೆ. ಒಂದ್ಸಲ ಓಡ್ತದಂತೆ, ಒಂದ್ಸಲ ಮುಗ್ಗರಿಸ್ತದಂತೆ. ಬಸ್ಸಿನೋರು ಅಷ್ಟೂ ಹೇಳಿದ್ರು."

"ಕೈ ತಪ್ಪಿಲ್ಲ ಮಾರಾಯ. ಹೊಸ ಬ್ರೇಕ್ ಪಳಗಿಸ್ತಿದ್ದೆ."

ಮೈದುನನ ಮಗ ನಕ್ಕುಬಿಟ್ಟ. "ಪಳಗ್ಸೋದಾ? ದೊಡ್ಡಮ್ಮ, ಅದೇನ್ ಆನೆನಾ?"

ನಾನು ರೈಟರ ಕಡೆ ನೋಡಿದೆ. ಗ್ಯಾರೇಜಿನ ಮಾತಿನ ಪ್ರತಿ ಅಕ್ಷರವನ್ನೂ ಕೇಳಿಸಿಕೊಂಡವರು ಅವರು. "ಹೇಳಿ ರೈಟ್ರೇ, ಗ್ಯಾರೇಜಿನವ್ನು ಎಂತ ಹೇಳ್ದ?"

ರೈಟರು ಮೈದುನನ ಮುಖ ನೋಡಿದರು, ತಮ್ಮ ಚಪ್ಪಲಿ ನೋಡಿಕೊಂಡರು. "ಅವ್ರು ಏನೋ ಹೇಳಿದ್ರು ಸಾರ್, ನಂಗೆ ಗಾಡಿ ವಿಷಯ ಅಷ್ಟು ತಿಳಿಯಲ್ಲ. ಅಮ್ಮಾವ್ರು ಸ್ವಲ್ಪ ಜೋರಾಗೇ ಬಂದ್ರು," ಎಂದರು. ಗ್ಯಾರೇಜಿನಲ್ಲಿ ಅಷ್ಟು ಗಂಭೀರವಾಗಿ ಆಡಿದ ಅದೇ ತಲೆ!

ಕೀಲಿ ಮೈದುನನ ಜೇಬಿಗೆ ಹೋಯಿತು. ಮಾರನೆಯ ಬೆಳಿಗ್ಗೆಯೇ ಎಲ್ಲರೂ ಕಳಸಕ್ಕೆ ಹೊರಟರು. ಗಾಡಿಗೆ ಹೊಸದಾಗಿ ಏನೇ ಹಾಕಿಸಿದರೂ ಮೊದಲ ಓಟ ಮನೆಮಂದಿಯೆಲ್ಲ ಕೂಡಿ ಕಳಸದ ದೇವರ ಬಳಿಗೆ ಎಂಬುದು ನಮ್ಮ ಮನೆಯ ರೂಢಿ. ದೇವರ ಮೇಲೆ ನನ್ನ ದೂರಿಲ್ಲ. ಒಂದು ವಾರ ಕಾಯಿರಿ ಎಂದು ನಾನು ಹೇಳಿದರೆ, "ದೇವ್ರ ಕೆಲ್ಸಕ್ಕೆ ಅಡ್ಡ ಮಾತಾಡ್ಬೇಡಿ ಅಕ್ಕ," ಎಂದಳು ಓರಗಿತ್ತಿ. ತನ್ನ ಅಡುಗೆಮನೆಯ ಕಾವಲಿಯನ್ನು ಮೂರು ದಿನ ಪಳಗಿಸದೆ ಯಾರಿಗೂ ಮುಟ್ಟಗೊಡದವಳು ಅವಳು. ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟರು. ಡಿಕ್ಕಿಯಲ್ಲಿ ಅಕ್ಕಿ, ತೆಂಗಿನಕಾಯಿಗಳ ಚೀಲ. ಸೀಟುಗಳಲ್ಲಿ ಹಿಡಿಸದಷ್ಟು ಜನ. ನನ್ನನ್ನು ಹಿಂದೆ ಕಿಟಕಿಯ ಪಕ್ಕ ಒತ್ತರಿಸಿ ಕೂರಿಸಿ, ಮಡಿಲಲ್ಲಿ ಬಾಳೆಗೊನೆ ಇಟ್ಟರು. ಸ್ಟಿಯರಿಂಗಿನ ಮುಂದೆ ಮೈದುನನ ಮಗ.

ಇಳಿಜಾರು ಬಂದಾಗ ಅವನು ಗೇರನ್ನು ಇಳಿಸಲೇ ಇಲ್ಲ. ಭಾರವನ್ನೆಲ್ಲ ಬ್ರೇಕಿನ ಮೇಲೆ ಬಿಟ್ಟು ತಿರುವುಗಳನ್ನು ಇಳಿದ.

"ಗೇರ್ ಇಳಿಸು ಮಾರಾಯ. ಇಂಜಿನ್ ಹಿಡಿದುಕೊಳ್ತದೆ."

"ಹೊಸ ಬ್ರೇಕು ದೊಡ್ಡಮ್ಮ. ಸುಮ್ನೆ ಗೊನೆ ಹಿಡ್ಕೊಂಡು ಕೂತ್ಕಳಿ."

ಎಲ್ಲರೂ ನಕ್ಕರು. ಆ ನಗುವಿನ ನಡುವೆಯೇ ಘಾಟು ವಾಸನೆ ಒಳಗೆ ಬಂತು. ಹಿಂದಿನ ದಿನದ ಸಣ್ಣ ವಾಸನೆಯಲ್ಲ, ಗಂಟಲು ಕಟ್ಟುವಂಥದು. ಕಳಸದ ಪೇಟೆಯ ಇಳಿಜಾರಿನಲ್ಲಿ ಅವನಿಗೆ ಗೆಳೆಯನೊಬ್ಬ ಎದುರಾದ. ಹ್ಯಾಂಡ್ ಬ್ರೇಕ್ ಎಳೆಯುವ ತಾಳ್ಮೆಯೂ ಇಲ್ಲದೆ, ಬ್ರೇಕನ್ನು ಒತ್ತಿಹಿಡಿದೇ ಅವನು ಕಾಫಿಯ ರೇಟಿನಿಂದ ಕ್ರಿಕೆಟ್ಟಿನವರೆಗೆ ಹರಟಿದ. ಮುಂದಿನ ಚಕ್ರದಿಂದ ಹೊಗೆ ಏಳುವುದನ್ನು ನಾನು ಕಿಟಕಿಯಿಂದ ನೋಡಿದೆ. "ಕಾಲು ತೆಗಿ!" ಎಂದು ಕೂಗಿದೆ. "ಒಂದ್ನಿಮಿಷ ದೊಡ್ಡಮ್ಮ," ಎಂದ.

ಹಿಂತಿರುಗುವಾಗ ಬ್ರೇಕ್ ಒತ್ತಿದಾಗಲೆಲ್ಲ ಸ್ಟಿಯರಿಂಗ್ ಗಡಗಡ ನಡುಗುತ್ತಿತ್ತು. ಅವನು ಕೈಯೆತ್ತಿ ಎಲ್ಲರಿಗೂ ತೋರಿಸಿದ. "ನೋಡಿ, ದೊಡ್ಡಮ್ಮ ನಿನ್ನೆ ಮಾಡಿಟ್ಟ ಕೆಲ್ಸ." ಒಬ್ಬರಾದರೂ ಹೊಗೆಯ ಮಾತೆತ್ತಲಿಲ್ಲ. ಕಾರಿನ ತುಂಬ ಇದ್ದವರಲ್ಲಿ ಮೂಗು ನನಗೊಬ್ಬಳಿಗೇ ಇತ್ತೇನೋ.

ಅಲ್ಲಿಂದ ಮುಂದೆ ಅದೇ ಕಥೆಯಾಯಿತು. ಮದುವೆಮನೆಯ ಪಂಕ್ತಿಗಳಲ್ಲಿ, ಮೂಡಿಗೆರೆಯ ಅಂಗಡಿಗಳಲ್ಲಿ ನಾನು ಬ್ರೇಕ್ ದೊಡ್ಡಮ್ಮನಾದೆ. "ಪಾಯಸ ಬಡಿಸೋವಾಗ ನಿಧಾನ, ಬ್ರೇಕ್ ದೊಡ್ಡಮ್ಮನ ಎಲೆ ಅದು," ಎಂದು ಒಬ್ಬ ಹುಡುಗ ತಮಾಷೆಗೆ ಕೂಗಿದ. ಅವನ ಅಪ್ಪ ನಕ್ಕ. ತವರಿಗೆ ಹೋಗಬೇಕಾದರೆ ನಾನು ಈಗ ಕೇಳಬೇಕಿತ್ತು. ಕೇಳಿದರೆ, "ಈ ವಾರ ಗಾಡಿಗೆ ಬಿಡುವಿಲ್ಲ ಅತ್ತಿಗೆ," ಎಂಬ ಉತ್ತರ. ಗಾಡಿ ನನ್ನದು, ಬಿಡುವು ಅವರದು.

ನಡುಗುವ ಕಾರಿನಲ್ಲೇ ಬಹಳ ಕಾಲ ಓಡಾಡಿ, ಹೊಸ ಶತಮಾನ ಬಂದ ಮೇಲೆ ಮತ್ತೆ ಡಿಸ್ಕು, ಪ್ಯಾಡುಗಳನ್ನು ಬದಲಿಸಲು ಅದೇ ಗ್ಯಾರೇಜಿಗೆ ಹೋದರು. ಆ ದಿನ ನನಗೆ ಡಾಕ್ಟರ ಬಳಿ ಹೋಗುವುದಿತ್ತು. ಹಿಂದಿನ ಸೀಟಿನಲ್ಲಿ ನಾನೂ ಇದ್ದೆ. ಬಿಚ್ಚಿಹಾಕಿದ ಡಿಸ್ಕನ್ನು ಎತ್ತಿಕೊಂಡು ನೋಡಿದೆ. ಅಲ್ಲಲ್ಲಿ ನೀಲಿ ತಿರುಗಿದ ಕಲೆಗಳು; ಒಂದು ಕಡೆ, ಅಚ್ಚು ಹಾಕಿದಂತೆ, ಪ್ಯಾಡಿನದೇ ಆಕಾರದ ಕಪ್ಪು ಗುರುತು. ಓಡುವ ಗಾಡಿಯಲ್ಲಿ ಆ ಗುರುತು ಬೀಳುವುದಿಲ್ಲ. ಕೆಂಡದಂತೆ ಕಾದ ಡಿಸ್ಕನ್ನು ನಿಂತಲ್ಲೇ ಒತ್ತಿಹಿಡಿದರೆ, ಕಾವಲಿಗೆ ಕಚ್ಚಿದ ದೋಸೆಯ ಹಾಗೆ, ಪ್ಯಾಡು ತನ್ನ ಮೈಯನ್ನು ಅಲ್ಲಿ ಬಿಡುತ್ತದೆ. ವಸ್ತಾರೆಯ ರಸ್ತೆಯಲ್ಲಿ ನಾನು ಒಮ್ಮೆಯೂ ನಿಲ್ಲಿಸಿರಲಿಲ್ಲ. ನಿಲ್ಲಿಸಿದ್ದು ಕಳಸದ ಪೇಟೆಯಲ್ಲಿ.

ಆ ಡಿಸ್ಕನ್ನು ಕಾಗದದಲ್ಲಿ ಸುತ್ತಿ ನನ್ನ ಕಾಲಬುಡದಲ್ಲಿ ಇಟ್ಟುಕೊಂಡೆ.

ಹಿಂತಿರುಗುವಾಗ ವಸ್ತಾರೆ ದಾಟಿತು. ನೇರ ರಸ್ತೆ ಬಂತು. ಮೈದುನನ ಮಗ ವೇಗ ಹಿಡಿದ; ಹದವಾಗಿ ಒತ್ತಿ ಇಳಿಸಿದ; ನಿಲ್ಲಿಸದೆ ಮತ್ತೆ ವೇಗ ಹಿಡಿದ. ಈ ಸಲ ಗ್ಯಾರೇಜಿನವನು ಅವನಿಗೇ ನೇರವಾಗಿ ಹೇಳಿದ್ದನಲ್ಲ! ಮುಂದಿನ ಸೀಟಿನಲ್ಲಿದ್ದ ಅದೇ ರೈಟರು ಈಗ ಹಲಗೆ ಹಿಡಿದುಕೊಳ್ಳಲಿಲ್ಲ. ಹಿಂದಿನಿಂದ ಬಸ್ಸು ಹಾರ್ನ್ ಹೊಡೆದಾಗ ಕಿಟಕಿಯಿಂದ ಕೈ ಹೊರಹಾಕಿ, "ಅಣ್ಣಾವ್ರು ಬ್ರೇಕ್ ಸೆಟ್ ಮಾಡ್ತಿದಾರೆ, ಸ್ವಲ್ಪ ತಡೀರಿ!" ಎಂದು ಕೂಗಿದರು. ಬಸ್ಸು ತಡೆದು ನಿಂತಿತು. ಡ್ರೈವರು ಕೈಯೆತ್ತಿ ಸಲಾಮು ಮಾಡಿದ.

"ಇದನ್ನೇ ಅಲ್ವಾ ನಾನು ಅವತ್ತು ಮಾಡಿದ್ದು?" ಎಂದೆ ಹಿಂದಿನಿಂದ.

"ಅದು ಬೇರೆ ದೊಡ್ಡಮ್ಮ," ಎಂದ ಅವನು. ರೈಟರು ಹೊರಗಿನ ಕಾಫಿ ಗಿಡಗಳನ್ನು ಎಣಿಸುವವರಂತೆ ಕಿಟಕಿಯಾಚೆ ನೋಡುತ್ತಿದ್ದರು.

ಮನೆಗೆ ಬಂದಾಗ, ದಾರಿಯಲ್ಲಿ ಬ್ರೇಕ್ ಸೆಟ್ ಮಾಡಿದ ಸಂಗತಿಯನ್ನು ರೈಟರಿಂದ ಕೇಳಿ, ಮೈದುನ ಮಗನ ಬೆನ್ನು ತಟ್ಟಿದ. "ನೋಡಿ ಅತ್ತಿಗೆ, ಗಾಡಿನ ಹಿಂಗೆ ನೋಡ್ಕಬೇಕು." ನಾನು ಕಾಗದ ಬಿಚ್ಚಿ ಡಿಸ್ಕನ್ನು ಅವನ ಮುಂದೆ ಇಟ್ಟು, ಗುರುತಿನ ಮೇಲೆ ಬೆರಳಿಟ್ಟು, ಅದು ಎಲ್ಲಿ, ಯಾರ ಕಾಲಿನಿಂದ ಬಿದ್ದದ್ದೆಂದು ಹೇಳಿದೆ. ಅವನು ಕೇಳಿಸಿಕೊಂಡ. ಗುರುತನ್ನು ನೋಡಿದ, ಮಗನ ಕಡೆಗೂ ಒಮ್ಮೆ ನೋಡಿದ. ಆಮೇಲೆ, "ಹಳೇ ಕಬ್ಬಿಣ ಮನೆಯೊಳಗೆ ತರ್ಬೇಡಿ ಅತ್ತಿಗೆ," ಎಂದು ಒಳಗೆ ಹೋದ.

ಹಳೆಯ ಕಬ್ಬಿಣ ಇಂದಿಗೂ ನನ್ನ ಕೋಣೆಯಲ್ಲಿದೆ. ಕುದುರೆಮುಖದ ಗಣಿ ನಿಂತು ಆ ಬಸ್ಸು ಅರ್ಧ ಖಾಲಿಯಾಗಿ ಓಡತೊಡಗಿದ ಕಾಲಕ್ಕೆ ನನ್ನ ಕಾರನ್ನೂ ಮಾರಿದರು. ಮಾರುವ ದಿನ ಮಾತ್ರ ಎಲ್ಲರೂ ನನ್ನನ್ನು ಹುಡುಕಿಕೊಂಡು ಬಂದರು, ನನ್ನ ಸಹಿ ಬೇಕಿತ್ತು. ನನ್ನ ಕೈ ನಡುಗುತ್ತದೆಯೇ ಎಂದು ಅಂದು ಯಾರೂ ಕೇಳಲಿಲ್ಲ.

ಆದ್ದರಿಂದ ನಾನೇ ಕೇಳುತ್ತೇನೆ. ಮೈದುನ, ಅವನ ಮಗ, ರೈಟರು, ಮೂವರೂ ಈ ಬರಹವನ್ನು ಓದುತ್ತೀರೆಂದು ನನಗೆ ಗೊತ್ತು. ನನ್ನ ಕೈಯಲ್ಲಿ ತಪ್ಪಾಗಿದ್ದ ಕೆಲಸ ಅದೇ ರಸ್ತೆಯಲ್ಲಿ, ಅದೇ ಕಾರಿನಲ್ಲಿ ಜಾಣತನವಾದದ್ದನ್ನು ನಿಮ್ಮಲ್ಲಿ ಇಬ್ಬರು ಕಣ್ಣಾರೆ ಕಂಡಿರಿ, ಒಬ್ಬರು ಬೆನ್ನು ತಟ್ಟಿದಿರಿ. ಕಳಸದ ಗುರುತನ್ನೂ ಕಂಡಿರಿ. ಆ ಸಂಜೆ ಅಂಗಳದಲ್ಲಿ ಕಾರು ನಿಂತು, ಕೀಲಿ ಇನ್ನೂ ಮೈದುನನ ಮಗನ ಬೆರಳಲ್ಲೇ ತೂಗಾಡುತ್ತಿದ್ದಾಗ, ಅದು ಯಾರ ಕೈಗೆ ಮರಳಬೇಕೆಂದು ನಿಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲವೇ?