ಫೋರ್ ಅಂದರೆ ಹೋರಿಯಲ್ಲ

ಅರಸೀಕೆರೆ ಸ್ಟೇಷನ್ನಿನ ಆಚೆಗಿದ್ದ ಕ್ಲಬ್ಬಿನ ಗಾಲ್ಫ್ ಮೈದಾನವನ್ನು ಹದಿನಾಲ್ಕು ವರ್ಷ ನೋಡಿಕೊಂಡವನು ಜವರಣ್ಣ. ರೈಲ್ವೆ ಅಧಿಕಾರಿಗಳೂ ಬೇಲೂರಿನ ಕಡೆಯ ಕಾಫಿ ತೋಟದ ದೊರೆಗಳೂ ಅಲ್ಲಿ ಆಡಲು ಬರುತ್ತಿದ್ದರು. ಆ ಬರಡು ದಿಣ್ಣೆಯಲ್ಲಿ ನುಣುಪಾದ ಹುಲ್ಲು ನಿಲ್ಲದೆ, ಒಂಬತ್ತು ಕುಳಿಗಳ ಸುತ್ತಲೂ ಎಣ್ಣೆ ಬೆರೆಸಿದ ಮರಳು ಹಾಸಿದ್ದರು. ದಿನವೂ ಅದನ್ನು ಹಲಗೆಯಿಂದ ಎಳೆದು ನಯಮಾಡುವುದು ಅವನ ಕೆಲಸ. ಅಂಚಿನ ಒರಟು ಹುಲ್ಲನ್ನು ಊರಿನ ಹೆಂಗಸರು ಕೊಯ್ದುಕೊಳ್ಳುತ್ತಿದ್ದರು.

ಚೆಂಡು ಜನರತ್ತ ಹಾರಿದರೆ ಆಟಗಾರರು 'ಫೋರ್' ಎಂದು ಎಚ್ಚರಿಸುವರು. ಗಾಳಿಯಲ್ಲಿ ತೇಲಿಬಂದ ಆ ಕೂಗು ಹೆಂಗಸರ ಕಿವಿಗೆ 'ಹೋರಿ' ಎಂದೇ ಬೀಳುತ್ತಿತ್ತು. ಬಗ್ಗಿದ್ದವರು ಎದ್ದು ನಿಂತು ಹೋರಿ ಎಲ್ಲಿ ಎಂದು ಹುಡುಕುವರು. ಹಾಗೆ ನಿಂತ ಗಿರಿಯಮ್ಮನ ಭುಜಕ್ಕೆ ಚೆಂಡು ಬಡಿದು ಬಾತುಕೊಂಡ ದಿನದಿಂದ ಜವರಣ್ಣನ ನೆಮ್ಮದಿ ಹೋಯಿತು. ಅವನ ಹೆಂಡತಿ ಮಾದಮ್ಮನೂ ಅಲ್ಲೇ ಹುಲ್ಲು ಕೊಯ್ಯುವವಳು. ಎರಡು ಬಸಿರು ನಿಲ್ಲದೆ ಹೋಗಿ, ಈ ಮೂರನೆಯದಕ್ಕೆ ಆರು ತಿಂಗಳು ತುಂಬಿತ್ತು. ಮನೆಯಲ್ಲೇ ಇರು ಎಂದು ಬೇಡಿಕೊಂಡ.

"ಎಮ್ಮೆಗೇನು ನಿಮ್ಮ ಸಾಯೇಬ್ರ ಮರಳು ಹಾಕಾನಾ?" ಎಂದಳು.

ಬೇರೆ ದಾರಿ ಕಾಣದೆ ಅವನು ಹೆಂಗಸರಿಗೆಲ್ಲ ಪಾಠ ಹೇಳಿದ. ಅದು ಹೋರಿಯಲ್ಲ, ಚೆಂಡು. ಕೂಗು ಕೇಳಿದೊಡನೆ ತಲೆಯ ಮೇಲೆ ಕೈ ಹೊತ್ತು ಕುಕ್ಕರಿಸಬೇಕು, ಯಾರು ಏನೆಂದರೂ ತಲೆ ಎತ್ತಬಾರದು. ಮನೆಯಲ್ಲಿ ಮುದ್ದೆಗೆ ಸಾರು ಬಡಿಸುವಾಗಲೂ ಇದ್ದಕ್ಕಿದ್ದಂತೆ ಕೂಗಿ ಹೆಂಡತಿಯನ್ನು ಪರೀಕ್ಷಿಸುವನು. ಅವಳು ಸೌಟು ಹಿಡಿದೇ ಕೂರುವಳು.

ಆಟವಿಲ್ಲದ ಒಂದು ಬೆಳಿಗ್ಗೆ, ಊರಿನ ಲಕ್ಕಪ್ಪ ನೀರಿಗೆ ಹೊಡೆದುಕೊಂಡು ಹೋಗುತ್ತಿದ್ದ ಹೋರಿ ಹಗ್ಗ ಹರಿದುಕೊಂಡು ಮೈದಾನಕ್ಕೆ ನುಗ್ಗಿತು. "ಹೋರಿ, ಹೋರಿ" ಎಂದು ಅವನು ಕೂಗಿದ. ಹುಲ್ಲಿನಲ್ಲಿದ್ದ ಆರು ಹೆಂಗಸರೂ ತಲೆಯ ಮೇಲೆ ಕೈ ಹೊತ್ತು ಒಟ್ಟಿಗೇ ಕುಕ್ಕರಿಸಿದರು.

ಮಾದಮ್ಮ ಎಲ್ಲರಿಗಿಂತ ಮುಂದಿದ್ದಳು. ಏಳನೆಯ ಕುಳಿಯ ಬಳಿಯಿದ್ದ ಜವರಣ್ಣ ಹಲಗೆ ಬಿಸಾಡಿ ಓಡಿದ.

"ಏಳೇ ಮಾದೀ, ಇದು ನಿಜವಾದ ಹೋರಿ ಕಣೇ, ಏಳೇ."

ಅವನ ದನಿ ಕೇಳಿ ಅವಳು ಇನ್ನಷ್ಟು ಮುದುಡಿದಳು. ಕಲಿಸಿದ್ದನ್ನು ಚೆನ್ನಾಗಿ ಕಲಿತಿದ್ದಳು. ಅವನು ಇನ್ನೂ ಹತ್ತು ಮಾರು ದೂರದಲ್ಲಿದ್ದಾಗಲೇ ಹೋರಿ ಅವಳನ್ನು ಸಮೀಪಿಸಿತು. ಅದರ ಗೊರಸು ಅವಳ ಹುಲ್ಲಿನ ಹೊರೆಯನ್ನು ಚದುರಿಸಿತು. ಅಷ್ಟೆ, ಅದು ಸ್ಟೇಷನ್ನಿನ ಕಡೆಗೆ ಓಡಿಹೋಯಿತು.

ಜವರಣ್ಣ ಅವಳ ಪಕ್ಕದಲ್ಲಿ ಕುಸಿದ. ತಲೆ ಎತ್ತದೆಯೇ ಅವಳು ಕೇಳಿದಳು: "ಚೆಂಡು ಹೋಯ್ತಾ?"

ಹೆಂಗಸರು ನೋಡುತ್ತಿದ್ದಾರೆಂಬ ನಾಚಿಕೆಯೂ ಇಲ್ಲದೆ, ಅವನು ಎಣ್ಣೆ ಮರಳು ಮೆತ್ತಿದ ಕೈಯನ್ನು ಅವಳ ಹೊಟ್ಟೆಯ ಮೇಲಿಟ್ಟ. ಒಳಗೆ ಏನೂ ಅಲುಗಲಿಲ್ಲ. ಕಾದ. ಹಿಂದೆ ಯಾರೋ ಲಕ್ಕಪ್ಪನನ್ನು ಬೈಯುತ್ತಿದ್ದರು. ಸುಮ್ಮನಿರಿ ಎಂದು ಕೈಸನ್ನೆ ಮಾಡಿ ಮತ್ತೆ ಕಾದ. ಅಂಗೈಗೆ ಒಂದು ಒದೆ ಸಿಕ್ಕ ಮೇಲೆ, ಇನ್ನೊಂದು ಬರಲಿ ಎಂದು ಕೈ ತೆಗೆಯದೆ ಹಾಗೆಯೇ ಕುಳಿತ.