‘ಏನಾರ ಆದ್ರ?’ ಎಂಬ ಮನೆಮಾತು

ಕೂಸು ಹುಟ್ಟಿದ ಮನೆಗೆ ನೋಡಲು ಬಂದವರು ಮೊದಲು ಮಾಡುವ ಕೆಲಸವೆಂದರೆ ಅದರ ಮುಖವನ್ನು ಪಾಲು ಹಂಚುವುದು. ಮೂಗು ಅಜ್ಜನದು, ಕಿವಿ ಸೋದರತ್ತೆಯದು, ಬಣ್ಣ ಮಾತ್ರ ಪಾಪ ಅವರಪ್ಪನದೇ ಬಂದುಬಿಟ್ಟಿದೆ ಎಂದು ತೊಟ್ಟಿಲ ಸುತ್ತ ನಿಂತು ತೀರ್ಪು ಕೊಡುತ್ತಾರೆ. ನನ್ನ ಮಗಳು ವೀಣಾ ಹುಟ್ಟಿದಾಗಲೂ ಹೀಗೇ ಆಯಿತು. ಹಣೆ ನನ್ನದು, ಗಲ್ಲ ಅವರಪ್ಪನದು, ಕೂದಲು ನಮ್ಮವ್ವನದು ಎಂದು ಹಂಚಿ ಮುಗಿಸಿ, ಪುಟಾಣಿ ಸಕ್ಕರೆ ತಿಂದು ಹೋದರು. ನಮ್ಮವ್ವನಿಂದ ನನಗೆ ಬಂದದ್ದೊಂದು ನನ್ನಿಂದ ಈ ಕೂಸಿಗೂ ವರ್ಗವಾಗಲು ಕಾದು ಕೂತಿದೆ ಎಂದು ಯಾರೂ ಹೇಳಲಿಲ್ಲ. ಹೇಳುವುದಾದರೂ ಹೇಗೆ? ಅಂಜಿಕೆ ತೊಟ್ಟಿಲಲ್ಲಿ ಮಲಗಿದ್ದಾಗ ಕಾಣುವುದಿಲ್ಲ. ಅದಕ್ಕೆ ಮಾತು ಬರಬೇಕು.

ನಮ್ಮ ಮನೆಯಲ್ಲಿ ಅದು ಕಲಿತ ಮಾತು ‘ಏನಾರ ಆದ್ರ?’ ಎಂಬುದು.

ನಾನು ಬೆಳೆದದ್ದು ಕೂಡ್ಲಿಗಿಯಲ್ಲಿ. ಅವ್ವ ಯಾವ ವಿಷಯವನ್ನೂ ಅರ್ಧಕ್ಕೆ ಯೋಚಿಸಿ ಬಿಟ್ಟವಳಲ್ಲ. ಬಸ್ಸು ತಡವಾಯಿತೆಂದರೆ ಬೇರೆಯವರಿಗೆ ಬಸ್ಸು ತಡವಾಗಿರುತ್ತದೆ, ಅಷ್ಟೇ. ಅವ್ವನಿಗೆ ಅದು ಪಂಕ್ಚರ್ ಆಗಿ, ಬ್ರೇಕು ಹೋಗಿ, ಸೇತುವೆಯಿಂದ ಜಾರಿ, ಪೊಲೀಸರು ಮನೆ ವಿಳಾಸ ಕೇಳುವ ತನಕ ಮುಗಿದೇ ಹೋಗಿರುತ್ತಿತ್ತು. ಒಮ್ಮೆ ಕಾಲೇಜಿನ ದಿನಗಳಲ್ಲಿ ನಾನು ಗೆಳತಿಯ ನಿಶ್ಚಿತಾರ್ಥಕ್ಕೆಂದು ಕೊಟ್ಟೂರಿಗೆ ಹೋಗಿದ್ದೆ. ವಾಪಸು ಬರುವಾಗ ದಾರಿಗೆ ಕುರಿ ಹಿಂಡು ಅಡ್ಡ ಬಂತು. ಕುರಿಗಳಿಗೆ ನಮ್ಮವ್ವನ ಸ್ವಭಾವ ಗೊತ್ತಿರಲಿಲ್ಲವಾದ್ದರಿಂದ ಅವು ನಿಧಾನವಾಗಿಯೇ ದಾಟಿದವು. ನಾನು ಓಣಿಯ ತಿರುವಿಗೆ ಬರುವಷ್ಟರಲ್ಲಿ ಮನೆ ಮುಂದೆ ಜನ ಸೇರಿದ್ದರು. ಅಷ್ಟು ಜನರನ್ನು ಕಂಡು, ಅವ್ವನಿಗೇ ಏನೋ ಆಗಿದೆ ಎಂದುಕೊಂಡು ನಾನು ಅಳುತ್ತಾ ಓಡಿದೆ. ನಾನು ಅಳುತ್ತಾ ಬರುವುದನ್ನು ನೋಡಿದ ಅವ್ವ, ನನಗೇನೋ ಆಗಿದೆ ಎಂದುಕೊಂಡು ಎದೆ ಬಡಿದುಕೊಂಡಳು. ಇಬ್ಬರೂ ತಬ್ಬಿಕೊಂಡು ಬಹಳ ಹೊತ್ತು ಅತ್ತೆವು. ಯಾಕೆ ಅಳುತ್ತಿದ್ದೇವೆಂದು ಇಬ್ಬರಿಗೂ ಗೊತ್ತಿರಲಿಲ್ಲ. ನೆರೆಹೊರೆಯವರಿಗಂತೂ ಇಂದಿಗೂ ಗೊತ್ತಿಲ್ಲ.

ಮದುವೆಯಾಗಿ ಹರಪನಹಳ್ಳಿಗೆ ಬಂದೆ. ನೀಲಗುಂದದ ಕಡೆಯ ಒಂದು ಹಳ್ಳಿ ಶಾಲೆಯಲ್ಲಿ ಕನ್ನಡ ಹೇಳಿಕೊಡುವ ಕೆಲಸವೂ ಸಿಕ್ಕಿತು. ಅವ್ವನ ಅಂಜಿಕೆಯನ್ನು ಕೂಡ್ಲಿಗಿಯಲ್ಲೇ ಬಿಟ್ಟು ಬಂದೆ ಎಂದು ನಂಬಿದ್ದೆ. ನಿಜವಾಗಿ ಅದಕ್ಕೆ ನಾನು ವಿದ್ಯಾಭ್ಯಾಸ ಕೊಡಿಸಿದ್ದೆ, ಅಷ್ಟೇ. ಅವ್ವ ‘ನಾಯಿ ಕಡೀತತಿ’ ಎಂದು ಸುಮ್ಮನಾಗುತ್ತಿದ್ದಳು. ನಾನು ನಾಯಿ ಕಡಿದರೆ ಬರುವ ರೋಗವನ್ನು ಮೊದಲಿಂದ ಕೊನೆಯವರೆಗೆ ವಿವರಿಸುತ್ತಿದ್ದೆ. ಅವ್ವ ‘ಹೊರಗಿನ ನೀರು ಕುಡೀಬ್ಯಾಡ’ ಎನ್ನುತ್ತಿದ್ದಳು. ನಾನು ಆ ನೀರಿನಲ್ಲಿ ಈಜಾಡುವ ಹುಳುಗಳ ಚಿತ್ರ ಬರೆದು ತೋರಿಸುತ್ತಿದ್ದೆ. ಸುಗ್ಗಿಯಲ್ಲಿ ರಸ್ತೆಯ ಮೇಲೆ ಮೆಕ್ಕೆಜೋಳ ಒಣಹಾಕುತ್ತಾರಲ್ಲ, ಬೇರೆ ಮಕ್ಕಳು ಅದರ ಪಕ್ಕ ಆಡುತ್ತಿದ್ದರೆ, ನಮ್ಮ ವೀಣಾ ಮಾತ್ರ ಕಾಳಿನ ಮೇಲೆ ಕಾಲಿಟ್ಟು ಜಾರಿ ಬೀಳುವವರಿಗಾಗಿ ಕಾಯುತ್ತಾ ದೂರ ನಿಂತಿರುತ್ತಿದ್ದಳು. ಅಷ್ಟು ಚೆನ್ನಾಗಿ ಪಾಠ ಮಾಡಿದ್ದೆ ನಾನು!

ಅಪ್ಪ ತೀರಿಕೊಂಡ ಮೇಲೆ ಅವ್ವನೂ ನಮ್ಮಲ್ಲಿಗೇ ಬಂದಳು. ಹೆಗಲಿನ ಚೀಲ ಇಳಿಸುವ ಮೊದಲೇ ನಮ್ಮ ಮಹಡಿ ಮೆಟ್ಟಿಲು ನೋಡಿ, “ಕೂಸು ಬಿದ್ದು ಏನಾರ ಆದ್ರ?” ಎಂದಳು. “ನಾನೂ ಅದನ್ನ ಹೇಳ್ತಿದ್ದೆ ನೋಡವ್ವಾ” ಎಂದೆ. ನಮ್ಮವರು ಒಳಗಿನಿಂದ, “ಇಷ್ಟು ದಿನ ಒಬ್ಬಾಕಿ ಇದ್ಲು, ಈಗ ಇಬ್ರಾದ್ರು” ಎಂದರು. ಮೂವರು ಎನ್ನಬೇಕಿತ್ತು. ಅವರಿಗೆ ಲೆಕ್ಕ ತಪ್ಪಿತ್ತು.

ನಿಘಂಟಿನಲ್ಲಿ ‘ಆತಂಕ’ ಎಂಬ ಪದಕ್ಕೆ ಭಯ ಎಂದೂ ಅರ್ಥವಿದೆ, ಅಡ್ಡಿ ಎಂದೂ ಅರ್ಥವಿದೆ. ಇದನ್ನು ನಾನು ಎಷ್ಟೋ ವರ್ಷ ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೇನೆ. ಭಯ ಪಡುವವರು ಅಪ್ಪ ಅಮ್ಮ, ಅಡ್ಡಿಯಾಗುವುದು ಮಕ್ಕಳಿಗೆ ಎಂದು ನನಗೆ ಹೊಳೆದದ್ದು ಮಾತ್ರ ತಡವಾಗಿ. ಮಕ್ಕಳ ಬಗ್ಗೆ ಕೆಟ್ಟದ್ದನ್ನೆಲ್ಲ ಮೊದಲೇ ಯೋಚಿಸಿಬಿಟ್ಟರೆ ಅದು ಆಗುವುದಿಲ್ಲ ಎಂಬುದು ತಾಯಂದಿರ ಒಂದು ಗುಟ್ಟಿನ ನಂಬಿಕೆ. ಚಿಂತೆ ಮಾಡದೆ ಆರಾಮಾಗಿ ಕೂತ ತಾಯಿಯನ್ನು ಕಂಡರೆ ನಮಗೆ, ಇವಳಿಗೆ ಮಕ್ಕಳ ಮೇಲೆ ಪ್ರೀತಿ ಸ್ವಲ್ಪ ಕಡಿಮೆ ಎಂದೇ ಅನಿಸುವುದು.

ವೀಣಾ ಐದನೆಯ ತರಗತಿಗೆ ಬಂದ ವರ್ಷ ಅವಳಿಗೆ ಬೆಳಿಗ್ಗೆ ಬೆಳಿಗ್ಗೆ ಹೊಟ್ಟೆನೋವು ಶುರುವಾಯಿತು. ರಜಾದಿನ ಇರುತ್ತಿರಲಿಲ್ಲ, ಶಾಲೆಯಿದ್ದ ದಿನ ತಪ್ಪುತ್ತಿರಲಿಲ್ಲ. ಓಮಿನ ಕಾಳು, ಇಂಗಿನ ನೀರು ಎಲ್ಲ ಆಗಿ, ಕೊನೆಗೆ ಅವಳನ್ನು ಕರೆದುಕೊಂಡು ಡಾಕ್ಟರಮ್ಮನ ಹತ್ತಿರ ಹೋದೆ. ದಾರಿಯಲ್ಲಿ ಏನಾರ ಆದರೆ ಎಂದು ಅವ್ವನೂ ಬಂದಳು. ಡಾಕ್ಟರಮ್ಮ ಹೊಟ್ಟೆ ಒತ್ತಿ ನೋಡಿದರು, ನಾಲಿಗೆ ನೋಡಿದರು. ಆಮೇಲೆ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು, “ಸಾಲೀಗೆ ಹೋದ್ರ ಏನಾಗ್ತತಿ ಪುಟ್ಟಿ?” ಎಂದು ಕೇಳಿದರು.

ವೀಣಾ ಒಂದೇ ಉಸಿರಿನಲ್ಲಿ ಹೇಳಿದಳು: “ತಡ ಆದ್ರ ಗಂಟಿ ಹೊಡೆದಿರ್ತತಿ, ಗಂಟಿ ಹೊಡೆದ್ರ ಟೀಚರ್ ಹೊರಗ ನಿಂದರಸ್ತಾರ, ಬಿಸಿಲಾಗ ನಿಂತು ತಲಿ ತಿರುಗಿ ಬಿದ್ರ? ಬಿದ್ದಿದ್ದು ಕೇಳಿ ಅವ್ವ ಓಡಿ ಬರುವಾಗ ಲಾರಿ ಬಂದ್ರ?”

ನನಗೆ ಅವ್ವನ ಆ ಬಸ್ಸು ನೆನಪಾಯಿತು. ಪಂಕ್ಚರ್, ಬ್ರೇಕು, ಸೇತುವೆ, ಪೊಲೀಸು. ಅದೇ ದಾರಿ, ನಿಲ್ದಾಣಗಳ ಹೆಸರು ಮಾತ್ರ ಬೇರೆ.

ಡಾಕ್ಟರಮ್ಮ ನಗಲಿಲ್ಲ. “ಹೊಟ್ಟಿ ಚಲೋ ಐತಿ. ಈ ‘ಆದ್ರ, ಬಿದ್ರ, ಬಂದ್ರ’ ಅನ್ನೋದು ಮನ್ಯಾಗ ಯಾರು ಜಾಸ್ತಿ ಅಂತೀರಿ?” ಎಂದರು. ವೀಣಾ ನನ್ನ ಕಡೆ ಬೆರಳು ತೋರಿಸಿದಳು. ನಾನು ಅವ್ವನ ಕಡೆ ನೋಡಿದೆ. ಅವ್ವ ತನ್ನ ಹಿಂದೆ ಯಾರಾದರೂ ಇದ್ದಾರೇನೋ ಎಂದು ತಿರುಗಿದಳು. ಅಲ್ಲಿ ಗೋಡೆಯ ಮೇಲೆ, ಸದ್ದು ಮಾಡಬೇಡಿ ಎಂದು ತುಟಿಯ ಮೇಲೆ ಬೆರಳಿಟ್ಟ ಮಗುವಿನ ಚಿತ್ರ ಮಾತ್ರ ಇತ್ತು.

“ಮಕ್ಕಳು ನಾವು ಹೇಳಿದ್ದು ಕೇಳೋದು ಕಡಿಮಿರಿ. ನಮ್ಮ ಮುಖ ಓದ್ತಾವ” ಎಂದರು ಡಾಕ್ಟರಮ್ಮ. ಔಷಧಿ ಬರೆಯಲಿಲ್ಲ.

ಸಂಜೆ ಕಟ್ಟೆಯ ಮೇಲೆ ಮೊರ ಇಟ್ಟುಕೊಂಡು ಅಕ್ಕಿ ಆರಿಸುತ್ತಿದ್ದ ಅವ್ವ, ತಲೆಯೆತ್ತದೆ ಹೇಳಿದಳು: “ನನಗೊಬ್ಬ ತಮ್ಮ ಇದ್ದ. ತಿಪ್ಪೇಶಿ ಅಂತ.”

ನನಗೆ ಸೋದರಮಾವ ಒಬ್ಬನಿದ್ದನೆಂದು ನಾನು ಕೇಳಿದ್ದು ಅದೇ ಮೊದಲು.

“ಅವತ್ತೂ ಹಿಂಗ ಅಕ್ಕಿ ಆರಸ್ತಿದ್ದೆ. ‘ಅಕ್ಕಾ, ಕೆರೀಗೆ ಹೋಗಿ ಬರ್ತೀನಿ’ ಅಂದ. ನಾ ತಲಿ ಎತ್ತಲಿಲ್ಲ. ‘ಹ್ಞೂಂ’ ಅಂದೆ. ಅವ ಬರಲೇ ಇಲ್ಲ. ಒಂದು ಮಾತು ‘ಹುಷಾರು’ ಅಂದಿದ್ರ ಬರ್ತಿದ್ನೇನೋ ಅಂತ... ಆವತ್ತಿಂದ ಯಾರು ಹೊಸಲಿ ದಾಟಿದ್ರೂ ಬಾಯಿ ತಾನಾಗೇ ಅಂತೈತಿ.”

ಅವ್ವನ ಅಂಜಿಕೆಗೆ ಒಂದು ಹೆಸರಿತ್ತು, ಒಂದು ಮುಖವಿತ್ತು. ಅವಳು ಆ ಮುಖವನ್ನು ತನ್ನಲ್ಲೇ ಇಟ್ಟುಕೊಂಡು ನನಗೆ ಬರೀ ಅಂಜಿಕೆಯನ್ನು ಕೊಟ್ಟಿದ್ದಳು. ಯಾವುದಕ್ಕೆ, ಯಾರಿಗಾಗಿ ಎಂದು ಗೊತ್ತಿಲ್ಲದ ನಾನು ಅದನ್ನು ನಾಯಿಗೆ, ನೀರಿಗೆ, ಮೆಕ್ಕೆಜೋಳಕ್ಕೆ ಹಂಚಿಕೊಂಡು ಬಂದಿದ್ದೆ.

“ನಿನಗ ಕೊಟ್ಟಿದ್ದು ಸಾಕು. ಆ ಕೂಸಿನ ತಲಿ ಮ್ಯಾಲೆ ತಿಪ್ಪೇಶಿನ್ನ ಹೊರಸೋದು ಬ್ಯಾಡ” ಎಂದು ಅವ್ವ ಮೊರ ಎತ್ತಿಕೊಂಡು ಒಳಗೆ ಹೋದಳು.

ಹಾಗೆಂದು ಹೇಳಿದಷ್ಟು ಸುಲಭವಾಗಿ ಬಾಯಿ ಕೇಳಬೇಕಲ್ಲ! ಅವ್ವ ಒಂದು ಉಪಾಯ ಮಾಡಿದಳು. ವೀಣಾ ಹೊರಗೆ ಹೊರಟಳೆಂದರೆ ಸಾಕು, ಓಡಿಹೋಗಿ ಎಲೆ ಅಡಿಕೆ ಬಾಯಿ ತುಂಬ ಹಾಕಿಕೊಳ್ಳುತ್ತಿದ್ದಳು. ಬಾಯಿ ತುಂಬಿದ್ದರೆ ಮಾತು ಹೇಗೆ ಹೊರಡುತ್ತದೆ? ವೀಣಾ ಶಾಲೆಗೆ, ಅಂಗಡಿಗೆ, ಗೆಳತಿಯ ಮನೆಗೆ ಎಂದು ಸುತ್ತಿದಂತೆಲ್ಲ ಅವ್ವನ ತುಟಿ ಕೆಂಪಾಗುತ್ತಾ ಹೋಯಿತು. ನನಗೆ ಎಲೆ ಅಡಿಕೆ ಹಿಡಿಸುವುದಿಲ್ಲ. ಹಾಗಾಗಿ ನಾನು ಅಡುಗೆಮನೆಗೆ ಹೋಗಿ ಡಬ್ಬಿಗಳನ್ನು ಸುಮ್ಮನೆ ಒರೆಸಿ ಒರೆಸಿ ಇಡುತ್ತಿದ್ದೆ. ಆ ವರ್ಷದಷ್ಟು ನಮ್ಮ ಡಬ್ಬಿಗಳು ಮತ್ತೆಂದೂ ಹೊಳೆಯಲಿಲ್ಲ.

ಇನ್ನೊಂದನ್ನೂ ಅವ್ವ ತಾನೇ ಕಂಡುಹಿಡಿದಳು. ವೀಣಾ ‘ಆದ್ರ?’ ಎಂದು ಶುರು ಮಾಡಿದರೆ, ಮೊದಲಿನಂತೆ ‘ಬ್ಯಾಡ ಬಿಡು’ ಎನ್ನುವ ಬದಲು ಪ್ರಶ್ನೆಯನ್ನು ಮುಂದಕ್ಕೆ ತಳ್ಳುತ್ತಿದ್ದಳು.

“ಅಜ್ಜಿ, ಪೆನ್ಸಿಲ್ ಮುರಿದ್ರ?”

“ಮುರೀಲಿ. ಮುರಿದ ಮ್ಯಾಲೆ ಏನ್ ಮಾಡ್ತಿ?”

“ಕೆತ್ತಿಕೊಳ್ತೀನಿ.”

“ಮತ್ತೂ ಮುರಿದ್ರ?”

“ಪಕ್ಕದಾಕಿ ಹತ್ರ ಕೇಳ್ತೀನಿ.”

“ಆತಲ್ಲ, ಹೋಗು.”

ಹೊಟ್ಟೆನೋವು ಒಂದೇ ದಿನಕ್ಕೆ ಹೋಗಲಿಲ್ಲ. ಬರುವುದು ಕಡಿಮೆಯಾಯಿತು, ಒಂದೊಂದು ವಾರ ಮರೆತೇ ಹೋಯಿತು. ಚಳಿಗಾಲದಲ್ಲಿ ಶಾಲೆಯಿಂದ ಉಚ್ಚಂಗಿದುರ್ಗಕ್ಕೆ ಪ್ರವಾಸ ಎಂದರು. ಬೆಟ್ಟ, ಕಲ್ಲಿನ ಮೆಟ್ಟಿಲು, ಮೇಲೆ ಉಚ್ಚಂಗೆಮ್ಮನ ಗುಡಿ, ದಾರಿಯಲ್ಲಿ ಕೋತಿಗಳು. ನಮ್ಮ ಮನೆಯವರ ಅಂಜಿಕೆಗೆಂದೇ ಯಾರೋ ಹೇಳಿ ಮಾಡಿಸಿದಂತಿದ್ದ ಜಾಗ. ವೀಣಾ ಹೋಗುವುದಿಲ್ಲ ಎಂದಳು, ಹೋಗುತ್ತೇನೆ ಎಂದಳು, “ಕಾಲು ಜಾರಿದ್ರ?” ಎಂದಳು.

“ಜಾರಿದ್ರ ಕುಂದ್ರು. ಕುಂತ್ಕಂಡೇ ಒಂದೊಂದು ಮೆಟ್ಟಿಲು ಇಳಿ. ಯಾರಾರ ನಕ್ರ ನೀನೂ ನಗು” ಎಂದಳು ಅವ್ವ.

ವೀಣಾ ಹೊರಟ ಬೆಳಿಗ್ಗೆ ಅವ್ವನ ಬಾಯಲ್ಲಿ ಎಲೆ ಅಡಿಕೆ ಇರಲಿಲ್ಲ. ಬಸ್ಸಿನ ಹತ್ತಿರ ನಿಂತು ಕೈ ಬೀಸಿದಳು, ನಕ್ಕಳು ಕೂಡ. ಬಸ್ಸು ತಿರುವು ದಾಟಿದ ಮೇಲೆ ನನ್ನ ತೋಳು ಹಿಡಿದುಕೊಂಡಳು. ಮನೆ ಮುಟ್ಟುವ ತನಕ ಬಿಡಲಿಲ್ಲ.

ಸಂಜೆ ಬಸ್ಸು ಹೇಳಿದ ಹೊತ್ತಿಗೆ ಬರಲಿಲ್ಲ. ಅವ್ವ ಶೇಂಗಾದ ಚೀಲ ತಂದು ನಡುವೆ ಇಟ್ಟಳು. ಇಬ್ಬರೂ ಸುಲಿಯತೊಡಗಿದೆವು. ನಾನು ಅವಳ ಮುಖ ನೋಡಿದರೆ ಅವಳು “ಏನಿಲ್ಲ” ಎನ್ನುತ್ತಿದ್ದಳು, ಅವಳು ನನ್ನನ್ನು ನೋಡಿದರೆ ನಾನು “ಏನಿಲ್ಲ” ಎನ್ನುತ್ತಿದ್ದೆ. ಬಸ್ಸು ಬರುವಷ್ಟರಲ್ಲಿ ನಾವು ಸುಲಿದ ಶೇಂಗಾದಲ್ಲಿ ಒಂದು ಮದುವೆಯ ಹೋಳಿಗೆ ಮಾಡಬಹುದಿತ್ತು.

ಮಗಳನ್ನು ಕರೆತಂದವರು ಡ್ರಿಲ್ ಮೇಷ್ಟ್ರು. ಅವರು ಬಾಗಿಲಿಗೇ ಬಂದದ್ದು ನೋಡಿ ನಾನು ಶೇಂಗಾದ ಚೀಲ ದಾಟಿ ಓಡಿದೆ. ಮೇಷ್ಟ್ರು ನಗುತ್ತಿದ್ದರು.

“ನಿಮ್ಮ ಹುಡುಗಿಯಿಂದ ಇವತ್ತು ನನ್ನ ಮಾನ ಉಳೀತು ನೋಡ್ರಿ. ಓಟದಾಗ ಎಲ್ಲರಿಗಿಂತ ಮುಂದಿರ್ತಾಳಲ್ರಿ, ಆ ಶೈಲಜಾ, ಇಳಿಯುವಾಗ ನಡುವೆ ನಿಂತುಬಿಟ್ಲು. ಕೆಳಗ ನೋಡಿದ್ದಾಳ, ಕೈಕಾಲು ಹಿಡಕಂಡಂಗಾಗೈತಿ. ನಾ ಬೈದೆ, ಪುಸಲಾಯಿಸಿದೆ, ಎತ್ಕಂತೀನಿ ಅಂದೆ. ಉಹ್ಞೂಂ. ನಿಮ್ಮ ವೀಣಾ ಹೋಗಿ ಪಕ್ಕಕ್ಕ ಕುಂತ್ಲು. ಏನೇನೋ ಕೇಳಿದ್ಲು, ಅಕಿ ಏನೇನೋ ಹೇಳಿದ್ಲು. ಆಮ್ಯಾಲೆ ಇಬ್ರೂ ಕುಂತ್ಕಂಡೇ ಒಂದೊಂದು ಮೆಟ್ಟಿಲು ಇಳಿದ್ರು ನೋಡ್ರಿ, ತಳದ ತನಕ! ಅದಕ್ಕ ತಡ ಆತು.”

ಮೇಷ್ಟ್ರು ಹೋದ ಮೇಲೆ ನಾನು ವೀಣಾಳನ್ನು ಹತ್ತಿರ ಎಳೆದುಕೊಂಡು, “ನಿನಗ ಅಂಜಿಕಿ ಆಗಲಿಲ್ಲೇನು?” ಎಂದೆ.

“ಆಗಿತ್ತವ್ವ. ಅಕಿಗಿಂತ ಜಾಸ್ತಿ ಆಗಿತ್ತು” ಎಂದಳು. ಲಂಗದ ಹಿಂಭಾಗವೆಲ್ಲ ಸವೆದು ಮಣ್ಣಾಗಿತ್ತು. “ಆದ್ರ ಅಕಿ ಯಾವತ್ತೂ ಅಂಜಿಲ್ಲ, ಅಕಿಗೆ ಅಂಜೋದು ಹೆಂಗಂತ ಗೊತ್ತಿರಲಿಲ್ಲ. ನನಗ ಗೊತ್ತಿತ್ತು.”

ಎಷ್ಟೋ ಮಕ್ಕಳ ಅಂಕಪಟ್ಟಿ, ಬಹುಮಾನ, ಹಾರ ತುರಾಯಿಗಳನ್ನು ನಾನು ಶಾಲೆಯಲ್ಲಿ ನೋಡಿದ್ದೇನೆ. ಆ ಮಣ್ಣಾದ ಲಂಗದಷ್ಟು ಹೆಮ್ಮೆ ನನಗೆ ಯಾವುದರ ಮೇಲೂ ಬಂದಿಲ್ಲ. ಹೆಮ್ಮೆ ಮಗಳ ಮೇಲೆ ಮಾತ್ರವಲ್ಲ. ತನ್ನ ಅಂಜಿಕೆಯನ್ನು ಬಿಡಲಾಗದಿದ್ದರೂ ಅದು ಮೊಮ್ಮಗಳನ್ನು ಮುಟ್ಟದಂತೆ ತಿಂಗಳುಗಟ್ಟಲೆ ಹಲ್ಲುಕಚ್ಚಿ ಹಿಡಿದಿದ್ದ ಮುದುಕಿಯ ಮೇಲೂ.

ಮರುದಿನ ಬೆಳಿಗ್ಗೆ ಅವ್ವ ಓಣಿಗೆ ಇಳಿದಳು. ಹಾಲಿನವಳಿಗೆ, ಹಿಟ್ಟಿನ ಗಿರಣಿಯವನಿಗೆ, ಎದುರು ಮನೆಯವರಿಗೆ, ಕೊನೆಗೆ ದಾರಿ ಕೇಳಲು ನಿಂತ ಒಬ್ಬ ಅಪರಿಚಿತನಿಗೂ ಮೊಮ್ಮಗಳ ಕಥೆ ಹೇಳಿದಳು. ಹೇಳಿದಷ್ಟೂ ಬೆಟ್ಟ ಎತ್ತರವಾಯಿತು. ನಮ್ಮ ಕಡೆ ಮನೆಯ ಮಕ್ಕಳನ್ನು ಹೀಗೆ ಬಹಿರಂಗವಾಗಿ ಹೊಗಳುವ ಪದ್ಧತಿಯಿಲ್ಲ, ದೃಷ್ಟಿಯಾಗುತ್ತದೆ. ಎದುರು ಮನೆಯವರು ಅದನ್ನೇ ಹೇಳಿದರು. “ಅಷ್ಟು ಹೇಳಬ್ಯಾಡಬೇ, ಯಾರದಾರ ಕಣ್ಣು ಬಿದ್ದೀತು.”

ಅವ್ವ ಸೊಂಟದ ಮೇಲೆ ಕೈಯಿಟ್ಟು ನಿಂತಳು. “ಬೀಳಲಿ ಬಿಡ್ರಿ” ಎಂದಳು. “ಇಂಥಾ ಹುಡುಗೀನ್ನ ನೋಡ್ಲಿಲ್ಲಂದ್ರ ಕಣ್ಣು ಇರೋದಾದ್ರೂ ಯಾಕ?”

ಅವ್ವನೇ ಹೀಗೆ ಅಪ್ಪಣೆ ಕೊಟ್ಟ ಮೇಲೆ ನಾನೇಕೆ ಹಿಂಜರಿಯಲಿ? ಅದಕ್ಕೇ ನಿಮ್ಮೆದುರು ಕೂತು ನನ್ನ ಮಗಳನ್ನು, ನನ್ನ ಅವ್ವನನ್ನು ಇಷ್ಟು ಹೊತ್ತು ರಾಜಾರೋಷವಾಗಿ ಹೊಗಳಿದ್ದೇನೆ. ನೀವೂ ಕಣ್ಣು ತುಂಬ ನೋಡಿ.